ದಿಂಬಿನೊಳಗಿನ ಮಾತ್ರೆ

ನೋವಿನ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದರ್ಜಿ ಮತ್ತು ಅವನ ಅಕ್ಕ ಕೂತಿದ್ದರು. ಕೇಳಿಸಿಕೊಳ್ಳಬಾರದಿತ್ತೇನೋ, ಕೇಳಿಸಿತು.

“ಈ ಮತ್ತಿನ ಮಾತ್ರೆ ಬಿಡ್ಬೇಕು ಅಂತ, ಮಿಕ್ಕಿದ್ದನ್ನ ನೀನೇ ನನ್ನ ದಿಂಬಿನೊಳಗಿಟ್ಟು ಹೊಲಿದೆ. ನಿನ್ನೆ ಬಿಚ್ಚಿದ್ದೂ ನೀನೇ.”

“ಬೆನ್ನುನೋವು ಬಿಡಲಿಲ್ಲ ಅಕ್ಕಾ. ಆದ್ರೆ ನನ್ನ ಹೊಲಿಗೆ ಇಷ್ಟು ಗಟ್ಟಿ ಅಂತ ಯಾವ ಗಿರಾಕೀನೂ ಹೇಳಿರಲಿಲ್ಲ.”

“ನುಂಗಿದ್ಯಾ?”

“ಇಲ್ಲ. ಬಿಚ್ಚೋಷ್ಟರಲ್ಲಿ ನಾಚಿಕೆಯಾಯ್ತು. ವಾಪಸ್ ಹೊಲಿದೆ.”

“ಅದಕ್ಕೇ ಹೊಲಿಗೆ ಹಾವು ಹರಿದ ಹಾಗಿದೆ.”

“ಹೊಸ ಫ್ಯಾಷನ್ ಅಂದ್ಕೋ.”

“ನೋವು ಜಾಸ್ತಿ ಅಂತ ಡಾಕ್ಟರಿಗೆ ನಿಜ ಹೇಳು.”

“ಹೇಳಿದ್ರೆ, ಮಾತ್ರೆ ಹೆಚ್ಚಿಸ್ಲಾ ಅಂತಾರೆ. ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ.”

ಒಳಗಿನಿಂದ ದರ್ಜಿಯನ್ನು ಕರೆದರು. ಅವನು ಅಕ್ಕನ ತೋಳು ಹಿಡಿದು ಎದ್ದ.

“ನೀನೂ ಬಾ. ನಾನು ಹೂಂ ಅಂದ್ರೆ ನೀನು ಊಹೂಂ ಅನ್ನು.”