ಚಾಂದಬಿ ಬಳೆ ತೊಡಿಸಲು ಕಲಿತದ್ದು

ಹೈದರಾಬಾದು ಭಾರತಕ್ಕೆ ಸೇರಿ ಮೂರು ವರ್ಷವಾಗಿತ್ತು. ಸುರಪುರದಲ್ಲಿ ಕೆಂಭಾವಿ ಸಂತೆಯ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಕುರಿ ಸಾಕುವ ಮಲಕಮ್ಮ, ಬಳೆಗಾರ ಇಮಾಮಸಾಬನ ಹೆಂಡತಿ ಚಾಂದಬಿಯನ್ನು ಮಾತಾಡಿಸಿದಳು. ಇಮಾಮಸಾಬ ದೂರದಲ್ಲಿ ಬೇವಿನ ನೆರಳಿಗೆ ಕುಳಿತಿದ್ದ.

“ಇವತ್ತು ನೀನೇ ಬಳಿ ಇಡಾಕ ಹೊಂಟೀಯಂತ? ಇಮಾಮಣ್ಣಗ ಏನಾಗೇದ?”

“ಆರಾಮ ಅದಾರ. ಪರ ಹೆಂಗಸರ ಕೈ ಹಿಡಿಯೋದು ಗುನಾ, ಪಾಪ ಅಂತ ಮಸೀದಿ ಹಿರ್ಯಾರು ಅಂದಾರ. ಕೇಳದಿದ್ರ ಮಗಳ ಲಗ್ನಕ್ಕ ನಮ್ಮ ಮೊಹಲ್ಲಾದವ್ರು ಯಾರೂ ಬರಂಗಿಲ್ಲ.”

“ಅಯ್ಯ! ನನ್ನ ಲಗ್ನದ ಬಳಿ ಇಟ್ಟಾಂವ ಅವನೇ. ಒಡಹುಟ್ಟಿದ ಅಣ್ಣ ಇದ್ದಂಗ.”

“ಅವರೂ ಹಂಗೇ ಹೇಳಿದ್ರು, ಹಿರ್ಯಾರು ಕೇಳಲಿಲ್ಲ. ನಮ್ಮ ಮನಿಯವ್ರು ಎರಡು ದಿನ ಊಟ ಬಿಟ್ಟು ಕುಂತ್ರು. ಕಡೀಕ ನಾನೇ ಅಂದೆ, ನನಗ ಕಲಿಸ್ರಿ, ನಾ ಇಡ್ತೀನಿ.”

“ಬಂತೇನು?”

“ದಿನಾ ಸಂಜಿಗೆ ನನ್ನ ಕೈಗೇ ಬಳಿ ಇಟ್ಟು, ತೆಗದು ತೋರ್ಸಿದ್ರು. ಮೊದಲನೇ ದಿನಾನೇ ಬಂತು.”

“ಮತ್ತ ಎಂಟು ದಿನ ಕಲ್ತಿ ಅಂತಿದ್ರಲ್ಲ ಮಂದಿ?”

“ಇಪ್ಪತ್ತು ವರ್ಷದಾಗ ಒಮ್ಮಿನೂ ಹಂಗ ನನ್ನ ಕೈ ಹಿಡಕೊಂಡು ಕುಂತಿದ್ದಿಲ್ಲವ್ವಾ ಅವರು. ಬಂದ್ರೂ ಎಂಟು ದಿನ ಬರವಲ್ದು, ಬರವಲ್ದು ಅಂದೆ.”

ಮಲಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟರಲ್ಲಿ ಬಸ್ಸು ಬಂತು. ಇಮಾಮಸಾಬ ಎದ್ದು ಬಂದು, “ಯಾಕ ನಗಾಕತ್ತೀರಿ?” ಎಂದ.

“ಏನಿಲ್ಲ, ಹತ್ರಿ,” ಎಂದಳು ಚಾಂದಬಿ.