ಮುಂದಿನ ಚಕ್ರಗಳ ವಿಷಯದಲ್ಲಿ ಎರಡು ಮಾತು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮುಖ್ಯ ಎಂಜಿನಿಯರ್ ಅವರೇ, ನನ್ನ ಮಾತು ಉದ್ದವಾದರೆ ಅಂಗಿ ಎಳೆಯಲೆಂದೇ ಪಕ್ಕದಲ್ಲಿ ಕುಳಿತಿರುವ ಕಾರ್ಯದರ್ಶಿಗಳೇ, ಇದೇ ವಾರ ಕೆಲಸಕ್ಕೆ ಸೇರಿರುವ ಹೊಸ ಚಾಲಕರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ತಿಂಡಿಯ ಮೇಜಿನ ಮೇಲೆ ಕಣ್ಣಿಟ್ಟಿರುವ ವರ್ಕ್‌ಷಾಪಿನ ಹಳೆಯ ಗೆಳೆಯರೇ, ಇಂದು ನಿವೃತ್ತನಾಗುತ್ತಿರುವ ನನ್ನ ಒಡಹುಟ್ಟಿದ ತಮ್ಮನೇ, ಸಭಿಕರೇ,

ನಾನು ಈ ವರ್ಕ್‌ಷಾಪಿನ ಮುಖ್ಯಸ್ಥನಾಗಿ ನಿವೃತ್ತನಾಗಿ ಮೂರು ವರ್ಷವಾಯಿತು. ಕಾರ್ಯದರ್ಶಿಗಳು ಮನೆಗೆ ಬಂದು, "ಸಾರ್, ತಮ್ಮನಿಗೆ ಬೀಳ್ಕೊಡುಗೆನೂ ಆಗ್ಲಿ, ಹೊಸಬರಿಗೆ ಒಂದು ಪಾಠನೂ ಆಗ್ಲಿ. ನಿಜವಾದ ಫೋರ್ ವೀಲ್ ಡ್ರೈವ್ ಅಂದ್ರೆ ಏನು ಅಂತ ಹತ್ತು ನಿಮಿಷ ಹೇಳ್ಬಿಡಿ" ಎಂದರು. ನಾನು ಕೂಡಲೇ ಒಪ್ಪಿಕೊಂಡು ನಾಲ್ಕು ಪುಟ ಬರೆದುಕೊಂಡು ಬಂದಿದ್ದೇನೆ. ಐದು ಗಂಟೆಗೆ ನನ್ನ ತಮ್ಮ ತನ್ನ ಜೀಪಿನ ಕೀಲಿ ಒಪ್ಪಿಸಬೇಕು. ನಾಳೆ ಆ ಜೀಪು ಗುಜರಿಗೆ ಹೋಗುತ್ತದೆ. ಈಗ ಗಂಟೆ ನಾಲ್ಕು ಹತ್ತು. ಅಷ್ಟರೊಳಗೆ ಅವನಿಗೆ ಹೇಳಲೇಬೇಕಾದ ಮಾತೊಂದಿದೆ, ಅದು ಈ ನಾಲ್ಕು ಪುಟದಲ್ಲಿ ಇಲ್ಲ. ಹೇಳುವಷ್ಟು ಧೈರ್ಯ ಬಂದೀತೋ ಇಲ್ಲವೋ ನನಗೇ ಖಾತ್ರಿಯಿಲ್ಲ. ಮೊದಲು ಪಾಠ ಮುಗಿಸೋಣ.

ನಿಜವಾದ ಫೋರ್ ವೀಲ್ ಡ್ರೈವ್ ಎಂದರೆ ಯಾವುದು? ದಪ್ಪ ಟೈರು ಇದ್ದರೆ ಸಾಕೇ? ಸ್ಟೆಪ್ನಿಯನ್ನು ಬೆನ್ನ ಮೇಲೆ ಹೊತ್ತುಕೊಂಡರೆ ಸಾಕೇ? ಹಿಂಬಾಗಿಲಿಗೆ ಬೆಳ್ಳಿ ಬಣ್ಣದಲ್ಲಿ 4x4 ಎಂದು ಅಂಟಿಸಿಕೊಂಡರೆ ಸಾಕೇ? ನನ್ನ ಮೊಮ್ಮಗಳ ಊಟದ ಡಬ್ಬಿಯ ಮೇಲೂ ಹಾಗೆ ಬರೆದಿದೆ, ಅದನ್ನು ಬೆಟ್ಟ ಹತ್ತಿಸಲು ಆಗುತ್ತದೆಯೇ?

ಮೊದಲು ಚಾಸಿ ನೋಡಿ. ಏಣಿಯಂತೆ ಗಟ್ಟಿಯಾದ ಉಕ್ಕಿನ ಚೌಕಟ್ಟಿರಬೇಕು, ಬಾಡಿ ಅದರ ಮೇಲೆ ಕೂತಿರಬೇಕು. ಹೊಟ್ಟೆ ನೆಲದಿಂದ ಎತ್ತರದಲ್ಲಿರಬೇಕು, ಕಲ್ಲಿಗೆ ತಾಗಬಾರದು. ನನ್ನ ಹೊಟ್ಟೆ ನೋಡಿ ನಗಬೇಡಿ, ನಾನು ಡಾಂಬರು ರಸ್ತೆಗೆ ಮಾತ್ರ ಯೋಗ್ಯ. ಆಮೇಲೆ ಗೇರಿನ ಪಕ್ಕದಲ್ಲಿ ಎರಡನೆಯ ಒಂದು ಪುಟ್ಟ ಲಿವರ್ ಇರಬೇಕು. ಅದನ್ನು ಎಳೆದರೆ ಗಾಡಿ ಲೋ ಗೇರಿಗೆ ಬರುತ್ತದೆ. ಆಗ ಗಾಡಿಗೆ ಮನುಷ್ಯ ನಡೆಯುವಷ್ಟೇ ವೇಗ, ಬಲ ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಇಳಿಯುವಾಗ ಬ್ರೇಕ್ ಮುಟ್ಟುವ ಕೆಲಸವೇ ಇಲ್ಲ, ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ.

ನನ್ನ ತಮ್ಮನದು ಹುಟ್ಟಿನಿಂದಲೇ ಲೋ ಗೇರು. ಚಿಕ್ಕಂದಿನಲ್ಲಿ ಅಮ್ಮ ನಮ್ಮಿಬ್ಬರ ಕೈಗೂ ಒಂದೊಂದು ಬಕೆಟ್ ಕೊಟ್ಟು ಬೀದಿ ನಲ್ಲಿಗೆ ಕಳಿಸುತ್ತಿದ್ದಳು. ನಾನು ಓಡಿಕೊಂಡು ಬಂದು ಅರ್ಧ ಬಕೆಟ್ ಬೀದಿಗೆ ಚೆಲ್ಲುತ್ತಿದ್ದೆ. ಅವನು ಆರಾಮವಾಗಿ ತುಂಬಿದ ಬಕೆಟ್ ತರುತ್ತಿದ್ದ. ಬಾಗಿಲ ಬಳಿ ಬಂದ ಮೇಲೆ ತನ್ನದರಲ್ಲಿ ಸ್ವಲ್ಪ ನನ್ನ ಬಕೆಟ್ಟಿಗೆ ಸುರಿದು, "ಅಮ್ಮನಿಗೆ ಹೇಳ್ಬೇಡಣ್ಣ" ಎನ್ನುತ್ತಿದ್ದ. ಹೇಳಬೇಡ ಅನ್ನಬೇಕಾದವನು ನಾನು, ಅನ್ನುತ್ತಿದ್ದವನು ಅವನು! ಇರಲಿ. ಪುಟ ತಪ್ಪಿತು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಾಲ್ಕು ಚಕ್ರಗಳೂ ನಿಜವಾಗಿ ಎಳೆಯಬೇಕು. ನಮ್ಮ ಹಳೆಯ ಜೀಪುಗಳ ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಅಂಗೈಯಗಲದ ತಿರುಗಣೆ ಇರುತ್ತದೆ, ಅದೇ ಹಬ್ ಲಾಕ್. ಒಂದು ಕಡೆ ತಿರುಗಿಸಿದರೆ ಲಾಕ್, ಇನ್ನೊಂದು ಕಡೆಗೆ ಫ್ರೀ. ಫ್ರೀ ಇದ್ದರೆ ನೀವು ಒಳಗೆ ಕುಳಿತು ಯಾವ ಲಿವರ್ ಎಳೆದರೂ ಅಷ್ಟೇ, ಮುಂದಿನ ಚಕ್ರಗಳಿಗೆ ಶಕ್ತಿ ಮುಟ್ಟುವುದಿಲ್ಲ. ಗಾಡಿ ಇಳಿದು, ಬಗ್ಗಿ, ಕೈಯಿಂದಲೇ ತಿರುಗಿಸಬೇಕು. ಮಳೆಗಾಲದಲ್ಲಿ ನನ್ನ ತಮ್ಮ ಅದನ್ನು ಲಾಕ್‌ನಿಂದ ತೆಗೆಯುತ್ತಲೇ ಇರಲಿಲ್ಲ. ನಮ್ಮದು ವಿದ್ಯುತ್ ಇಲಾಖೆ, ಕಂಬ ಎಲ್ಲಿ ಬೀಳುತ್ತದೆಂದು ಯಾರಿಗೆ ಗೊತ್ತು? ಬೆಟ್ಟದ ಮೇಲಿನ ಒಂದೊಂದು ವಿದ್ಯುತ್ ಟವರಿನ ನಂಬರೂ ಅವನಿಗೆ ಬಾಯಿಪಾಠವಾಗಿತ್ತು.

ಹೊಸಬರಿಗೆ ಇನ್ನೊಂದು ವಿಷಯ. ನಮ್ಮ ವರ್ಕ್‌ಷಾಪಿನಲ್ಲಿ ಒಂದು ರೂಢಿ ಇದೆ. ಗಾಡಿಯಲ್ಲಿ ಏನನ್ನು ಬಿಚ್ಚಿದರೂ, ಸಡಿಲಿಸಿದರೂ ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಮತ್ತೆ ಸರಿಮಾಡಿದ ಮೇಲೆಯೇ ಒರೆಸಬೇಕು. ಬರೆಯದವನಿಗೆ ನಾನು ಎಲ್ಲರೆದುರಿಗೆ ಮುಖ ಮೂತಿ ನೋಡದೆ ಬೈಯುತ್ತಿದ್ದೆ. ಬೈಸಿಕೊಂಡವರು ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ.

ಹನ್ನೊಂದು ವರ್ಷದ ಹಿಂದೆ, ಮಳೆಗಾಲದಲ್ಲೇ, ಒಂದು ಪರೀಕ್ಷೆ ನಡೆಯಿತು. ಹಳೆಯ ಜೀಪುಗಳಲ್ಲಿ ಯಾವುದನ್ನು ಬೆಟ್ಟದ ಕೆಲಸಕ್ಕೆ ಉಳಿಸಿಕೊಳ್ಳಬೇಕು ಎಂದು ಪ್ರತಿಯೊಂದನ್ನೂ ಶೆಡ್ಡಿನ ಹಿಂದಿನ ಕೆಸರು ಏರಿಗೆ ಹತ್ತಿಸಿ ನೋಡಿದೆವು. ಪರೀಕ್ಷಕ ನಾನು. ಆರು ಜೀಪುಗಳಲ್ಲಿ ಐದು ಹತ್ತಿದವು. ನನ್ನ ತಮ್ಮನದು ಅರ್ಧಕ್ಕೆ ನಿಂತಿತು. ಹಿಂದಿನ ಚಕ್ರಗಳು ಎಲ್ಲರ ಅಂಗಿಗೂ ಕೆಸರು ಹಾರಿಸಿದವು, ಮುಂದಿನವು ಅಲುಗಾಡಲಿಲ್ಲ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನು ಇಳಿದು ಬಂದು ಜೀಪಿನ ಬಾನೆಟ್ಟನ್ನು ಸವರುತ್ತಾ ನಿಂತ. "ಏನಾಯ್ತೋ ಏನೋ ಅಣ್ಣ, ನಿನ್ನೆ ತಾನೆ ನೀನೇ ನೋಡಿದ್ಯಲ್ಲ" ಎಂದ.

ಹೌದು, ಹಿಂದಿನ ದಿನ ನಾನೇ ನೋಡಿದ್ದೆ. ಬೇರಿಂಗ್ ಶಬ್ದ ಕೇಳಲು ಜಾಕ್ ಕೊಟ್ಟು, ಎರಡೂ ಹಬ್‌ಗಳನ್ನು ಫ್ರೀ ಮಾಡಿ, ಚಕ್ರ ತಿರುಗಿಸಿ ನೋಡಿದ್ದೆ. ಬಾನೆಟ್ಟಿನ ಮೇಲೆ ಬರೆಯಲಿಲ್ಲ. ತಮ್ಮನ ಗಾಡಿಗೆ ಸೀಮೆಸುಣ್ಣ ಯಾಕೆ, ನನಗೆ ನೆನಪಿರುವುದಿಲ್ಲವೇ ಎಂದುಕೊಂಡೆ. ನೆನಪಿರಲಿಲ್ಲ.

ಕಾರ್ಯದರ್ಶಿಗಳೇ, ಸ್ವಲ್ಪ ತಾಳಿ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಮರೆವು ಯಾರಿಗಿಲ್ಲ? ಅಷ್ಟೇ ಆಗಿದ್ದರೆ ನಾನು ಹನ್ನೊಂದು ವರ್ಷ ನಾಲಿಗೆ ಕಚ್ಚಿಕೊಂಡು ಕೂರಬೇಕಿರಲಿಲ್ಲ. ಅದೇ ಮಧ್ಯಾಹ್ನ ಜೀಪನ್ನು ಶೆಡ್ಡಿಗೆ ತಂದಾಗ ಕೆಸರು ಒರೆಸಲು ಬಗ್ಗಿದೆ. ತಿರುಗಣೆ ಫ್ರೀಯಲ್ಲಿತ್ತು. ಇನ್ನೊಂದು ಚಕ್ರವನ್ನೂ ನೋಡಿದೆ, ಅದೂ ಫ್ರೀ. ವರದಿ ಇನ್ನೂ ಬರೆದಿರಲಿಲ್ಲ. ಹೊರಗೆ ಹೋಗಿ, "ತಪ್ಪು ನನ್ನದು, ಇನ್ನೊಮ್ಮೆ ಹತ್ತಿಸೋಣ" ಎಂದಿದ್ದರೆ ಮುಗಿದಿತ್ತು. ಆದರೆ ಮುಂದಿನ ತಿಂಗಳು ನಾನು ಮುಖ್ಯಸ್ಥನಾಗುವವನಿದ್ದೆ. ಸೀಮೆಸುಣ್ಣದ ವಿಷಯಕ್ಕೆ ಊರಿಗೆಲ್ಲ ಬೈದವನು ನಾನು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎರಡೂ ಹಬ್‌ಗಳನ್ನು ಲಾಕ್‌ಗೆ ತಿರುಗಿಸಿದೆ. ಆಮೇಲೆ ಮೇಜಿನ ಮುಂದೆ ಕುಳಿತು, "ಈ ವಾಹನವು ಹೆಸರಿಗೆ ಮಾತ್ರ ಫೋರ್ ವೀಲ್ ಡ್ರೈವ್, ಬೆಟ್ಟದ ಕೆಲಸಕ್ಕೆ ಅಯೋಗ್ಯ" ಎಂದು ಬರೆದೆ.

ಜೀಪು ಕಚೇರಿಯಿಂದ ಕಚೇರಿಗೆ ಫೈಲು ಸಾಗಿಸುವ ಕೆಲಸಕ್ಕೆ ಬಂತು. ಜೀಪಿನ ಜೊತೆ ನನ್ನ ತಮ್ಮನೂ ಬಂದ. ಟವರಿನ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡಿದ್ದವನು ಹನ್ನೊಂದು ವರ್ಷ ಪೇಟೆಯ ಟ್ರಾಫಿಕ್ ಸಿಗ್ನಲ್ಲುಗಳಲ್ಲಿ ನಿಂತ. ಒಂದು ದಿನವಾದರೂ ಗೊಣಗಿದನೇ? ಇಲ್ಲ. ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದ. ಯಾರಾದರೂ ಜೀಪಿನ ಮಾತೆತ್ತಿದರೆ, "ಅಣ್ಣ ಹೇಳಿದ್ಮೇಲೆ ಮುಗೀತು ಬಿಡಿ. ಗಾಡಿ ಮೈ ಸವರಿದ್ರೆ ಸಾಕು, ಅವನಿಗೆ ಕಾಯಿಲೆ ಗೊತ್ತಾಗುತ್ತೆ" ಎನ್ನುತ್ತಿದ್ದ. ನಾನು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದೆ.

ಹೋದ ತಿಂಗಳು ಅವನು ನನ್ನನ್ನು ಒಂದು ಮಾತು ಕೇಳಿದ. "ಅಣ್ಣ, ಗುಜರಿಗೆ ಹಾಕೋ ಮುಂಚೆ ಒಂದ್ಸಲ ಆ ಏರಿ ಹತ್ತಿಸಿ ನೋಡ್ಲಾ? ನೀನು ಒಂದು ಮಾತು ಹೇಳಿದ್ರೆ ಬಿಡ್ತಾರೆ." ನಾನು, "ಮುದುಕ ಆದ್ಮೇಲೆ ಇದೆಲ್ಲ ಯಾಕೋ, ಸುಮ್ನಿರು" ಎಂದೆ. ಯಾಕೆ ಹಾಗೆಂದೆ ಗೊತ್ತೇ? ಅದು ಹತ್ತಿಬಿಡುತ್ತದೆ ಎಂದು ಹೆದರಿಕೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಕೀಲಿಯನ್ನು ಜೇಬಿಗಿಳಿಸಿದ. ಅವನ ಆ ಮುಖ ನೆನೆದರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ.

ಲೋ ತಮ್ಮ, ನಿನ್ನ ಜೀಪು ಅಪ್ಪಟ ಫೋರ್ ವೀಲ್ ಡ್ರೈವ್. ಅವತ್ತೂ ಆಗಿತ್ತು, ಇವತ್ತೂ ಆಗಿದೆ. ಎಲ್ಲರ ಮುಂದೆ ಅದಕ್ಕೆ ಅವಮಾನ ಮಾಡಿದೆ, ಅದಕ್ಕೇ ಎಲ್ಲರ ಮುಂದೆ ಹೇಳುತ್ತಿದ್ದೇನೆ. ಮುಂದಿನ ಭಾನುವಾರ ನೀನು ಊಟಕ್ಕೆ ಬರದಿದ್ದರೆ ನಾನು ಯಾಕೆಂದು ಕೇಳುವುದಿಲ್ಲ.

ಅಧ್ಯಕ್ಷರೇ, ಐದಕ್ಕೆ ಇನ್ನೂ ಅರ್ಧ ಗಂಟೆಯಿದೆ. ಕೆಸರು ಏರಿ ಶೆಡ್ಡಿನ ಹಿಂದೆಯೇ ಇದೆ. ಒಂದು ಸಲ, ಒಂದೇ ಒಂದು ಸಲ ಹತ್ತಿಸಲು ನನ್ನ ತಮ್ಮನಿಗೆ ಅಪ್ಪಣೆ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಧ್ಯಕ್ಷರು ತಲೆಯಾಡಿಸಿದರು. ಅವರಿಗೆ ನನ್ನ ವಂದನೆ. ನನ್ನ ತಮ್ಮ ಉಡುಗೊರೆಯ ಗಡಿಯಾರವನ್ನು ಕುರ್ಚಿಯ ಮೇಲಿಟ್ಟು ಎದ್ದಿದ್ದಾನೆ. ನನ್ನ ಕಡೆ ನೋಡದೆ ಮೆಟ್ಟಿಲು ಇಳಿಯುತ್ತಿದ್ದಾನೆ. ನೋಡದಿದ್ದರೆ ಬೇಡ, ಅದು ಅವನಿಗೆ ಸೇರಿದ್ದು. ಕನ್ನಡಕ ಮಂಜಾಗಿದೆ, ಸರಿಯಾಗಿ ಕಾಣುತ್ತಿಲ್ಲ. ಬಾಗಿಲ ಬಳಿ ನಿಂತನೇ? ತಿರುಗಿದನೇ? ಏನೋ ಕೂಗುತ್ತಿದ್ದಾನೆ, ಸ್ವಲ್ಪ ಸದ್ದು ಮಾಡಬೇಡಿ.

ಸಭಿಕರೇ, ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ನಾನೇ ಹೇಳುತ್ತೇನೆ. "ಬಾ ಅಣ್ಣ, ಪಕ್ಕದಲ್ಲಿ ಕೂತ್ಕೋ. ಆದ್ರೆ ಹಬ್ ನೀನು ಮುಟ್ಬೇಡ, ಈ ಸಲ ನಾನೇ ನೋಡ್ಕೋತೀನಿ" ಎನ್ನುತ್ತಿದ್ದಾನೆ.

ನಾನು ಹೊರಟೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.