ಮಾರ್ಕೋಸನ ಮಗ, ಎಮ್ಮೆಲ್ಲೆಯ ಮಗ

ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಮೀನು ಮಾರುವ ನಾಗಿ ಕೂತಿದ್ದಳು. ಜೊತೆಗೆ ಹಡಗಿನ ಕೆಲಸದಿಂದ ರಜೆಗೆ ಬಂದ ಅವಳ ತಮ್ಮನ ಮಗ ಕಿಶನ.

“ನಮ್ಮ ಹಡಗಿನ ಅಡುಗೆಯವ ಫಿಲಿಪೈನ್ಸಿನವ, ಅತ್ತೆ. ಅಧ್ಯಕ್ಷ ಮಾರ್ಕೋಸ್ ಅವನಪ್ಪನ್ನ ಜೈಲಿಗೆ ಹಾಕ್ಸಿದ್ದ. ಕಡೆಗೆ ಜನ ರಸ್ತೆಗಿಳಿದು ಮಾರ್ಕೋಸನ್ನೇ ಓಡ್ಸಿದ್ರು.”

“ಚಲೋ ಮಾಡಿದ್ರು.”

“ಮೂವತ್ತಾರು ವರ್ಷದ ಮೇಲೆ ಅವ್ನ ಮಗನ್ನೇ ಅಧ್ಯಕ್ಷ ಮಾಡಿದ್ರು.”

“ಥೂ! ನಾಚ್ಕೆ ಇಲ್ವೇನಾ ಅವ್ರಿಗೆ?”

“ನಾಳೆ ವೋಟು ಕೇಳೂಕೆ ಬರವನಿಗೆ ನೀನೇ ಆರತಿ ಎತ್ತೂದಲ್ವ? ನಮ್ಮನ್ನ ಸಮುದ್ರದಂಡೆ ಮನೆಯಿಂದ ಎಬ್ಸಿದ ಎಮ್ಮೆಲ್ಲೆ ಮಗ ಅವ.”

“ಮಗ ಎಂತಾ ಮಾಡ್ದ, ಪಾಪ?”

“ಅಡುಗೆಯವನ ಹೆಂಡ್ತಿನೂ ಹಂಗೇ ಹೇಳಿ ವೋಟು ಹಾಕಿದ್ಳು.”

ನಾಗಿ ಬುಟ್ಟಿ ಎತ್ತಿಕೊಂಡಳು.

“ಈಗಿನ ಮನೆಗೂ ಪಟ್ಟಾ ಇಲ್ಲ, ಕಿಶನಾ. ಅದು ಕೊಡೂದು ಅವ್ನ ಕೈಯಲ್ಲೇ ಇದೆ. ಆರತಿ ತಟ್ಟೆ ಹಿಡೀದೇ ಇದ್ರೆ ನಾ ಎಲ್ಲಿ ಮಲಗ್ಲಿ, ನಿನ್ನ ಹಡಗಲ್ಲಾ?”

ಬೆಳಂಬಾರದ ಬಸ್ ಬಂತು. ಕಿಶನ ಮೊದಲು ಹತ್ತಿ ಅವಳಿಗೆ ಸೀಟು ಹಿಡಿದ.